ಕಂಪ್ಯೂಟರ್ ಕಟ್ಟೆ: ಬೂಸ್ಟರ್ ಬೇಡ, ಮೊದಲು ಒಳಗೆ ಏನಿದೆ ನೋಡಿ

ಈ ಸಲ ಆರಿಸಿದ ಪ್ರಶ್ನೆಗಳೆಲ್ಲ ತುಮಕೂರು ಜಿಲ್ಲೆಯವು. ಎಲ್ಲರದೂ ವಿಂಡೋಸ್ ಡೆಸ್ಕ್‌ಟಾಪ್, ಎಲ್ಲರಿಗೂ ಕಾಸು ಖರ್ಚಾಗದ ದಾರಿ ಬೇಕು. ಇಲ್ಲಿ ಹಾಕಿಕೊಳ್ಳಲು ಹೇಳಿರುವ ಸಾಫ್ಟ್‌ವೇರ್‌ಗಳೆಲ್ಲ ಉಚಿತ, ಅಂಗಡಿಯಲ್ಲಿ ಬಳಸಿದರೂ ದುಡ್ಡು ಕೊಡಬೇಕಿಲ್ಲ. ಆದರೆ ಅವುಗಳ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲ್ಗಡೆ ಕಾಣುವ ಜಾಹೀರಾತಿನ ಲಿಂಕ್ ಒತ್ತಬೇಡಿ.

ಪ್ರಶ್ನೆ: ಸಾರ್, ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಗಿರಾಕಿ ಬಂದು ‘ಹೋದ ತಿಂಗಳು ಮಾಡಿಕೊಟ್ರಲ್ಲ, ಆ ಪಹಣಿ ಇನ್ನೊಂದು ಪ್ರಿಂಟ್ ಕೊಡಿ’ ಅಂತಾರೆ. ಹುಡುಕಲು ಕೊಟ್ಟರೆ ಹಸಿರು ಗೆರೆ ಓಡ್ತಾನೇ ಇರುತ್ತೆ, ಅಷ್ಟರಲ್ಲಿ ಕ್ಯೂ ಬೆಳೆಯುತ್ತೆ. ಏನು ಮಾಡಲಿ? *– ಓದುಗರು, ತುಮಕೂರು*

ಉತ್ತರ: ವಾಯ್ಡ್‌ಟೂಲ್ಸ್‌ನವರ ‘ಎವೆರಿಥಿಂಗ್’ ಹಾಕಿಕೊಳ್ಳಿ. ಪುಟ್ಟ ಸಾಫ್ಟ್‌ವೇರ್, ಆದರೆ ನಿಮ್ಮಂಥ ಅಂಗಡಿಗೆ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಹಸಿರು ಗೆರೆ ಓಡುವಾಗ ವಿಂಡೋಸ್ ಒಂದೊಂದೇ ಫೋಲ್ಡರ್ ಹೊಕ್ಕು ನೋಡುತ್ತಿರುತ್ತದೆ. ಎವೆರಿಥಿಂಗ್ ಹಾಗೆ ಅಲೆಯುವುದಿಲ್ಲ. ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ಗಳ ಸಾಮಾನ್ಯ ಫಾರ್ಮ್ಯಾಟ್) ಡ್ರೈವ್‌ನಲ್ಲಿರುವ ಪ್ರತಿ ಫೈಲಿನ ಹೆಸರೂ ಮಾಸ್ಟರ್ ಫೈಲ್ ಟೇಬಲ್ ಎಂಬ ಪಟ್ಟಿಯಲ್ಲಿ ಮೊದಲೇ ಇರುತ್ತದೆ, ಇದು ಸೀದಾ ಆ ಪಟ್ಟಿಯನ್ನೇ ಓದಿ ಇಟ್ಟುಕೊಳ್ಳುತ್ತದೆ. ನೀವು ‘ಪಹಣಿ’ ಅಂತ ಟೈಪ್ ಮಾಡುತ್ತಿದ್ದ ಹಾಗೇ ಕೆಳಗಿನ ಸಾಲುಗಳು ಕಮ್ಮಿಯಾಗುತ್ತಾ ಬರುತ್ತವೆ. ಒಂದು ಸ್ಪೇಸ್ ಬಿಟ್ಟು ‘ಗುಬ್ಬಿ’ ಸೇರಿಸಿ, ಎರಡೂ ಪದ ಇರುವ ಫೈಲು ಮಾತ್ರ ಉಳಿಯುತ್ತದೆ. ‘ಡೇಟ್ ಮಾಡಿಫೈಡ್’ ಕಾಲಮ್ ಮೇಲೆ ಕ್ಲಿಕ್ ಮಾಡಿದರೆ ಹೊಸದು ಮೇಲೆ ಬರುತ್ತದೆ. ಅಷ್ಟೇ ಕೆಲಸ.

ಆದರೆ ಇದು ಸಾಮಾನ್ಯವಾಗಿ ಹುಡುಕುವುದು ಹೆಸರನ್ನು, ಒಳಗಿನ ಬರಹವನ್ನಲ್ಲ. ಸ್ಕ್ಯಾನರ್ ಕೊಟ್ಟ ಹೆಸರನ್ನೇ ಬಿಟ್ಟಿದ್ದರೆ, ಅಂದರೆ ‘ಸ್ಕ್ಯಾನ್ 0001’, ‘ಸ್ಕ್ಯಾನ್ 0002’ ಅಂತ ಸಾಲು ಸಾಲಾಗಿ ಇದ್ದರೆ, ಯಾವ ಸಾಫ್ಟ್‌ವೇರೂ ನಿಮ್ಮ ನೆರವಿಗೆ ಬರಲ್ಲ. ಸೇವ್ ಮಾಡುವಾಗಲೇ ಊರು, ಹೆಸರು, ಕೆಲಸ ಮೂರನ್ನೂ ಹಾಕಿ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಬೇರೆ ಫಾರ್ಮ್ಯಾಟ್‌ನಲ್ಲಿ ಇರುವುದರಿಂದ ತಾವಾಗಿ ಪಟ್ಟಿಗೆ ಸೇರುವುದಿಲ್ಲ. ಬೇಕಿದ್ದರೆ ಆಪ್ಷನ್ಸ್‌ನಲ್ಲಿ ಇಂಡೆಕ್ಸಸ್, ಅದರೊಳಗೆ ಫೋಲ್ಡರ್ಸ್‌ಗೆ ಹೋಗಿ ಸೇರಿಸಿ. ನೀವು ಕೇಳದಿದ್ದರೂ ಒಂದು ಮಾತು: ಅದೇ ಪೆಟ್ಟಿಗೆಯಲ್ಲಿ ‘ಆಧಾರ್’ ಅಂತ ಟೈಪ್ ಮಾಡಿ ನೋಡಿ. ಎಷ್ಟು ಜನರ ಕಾರ್ಡ್ ನಿಮ್ಮ ಡಿಸ್ಕ್‌ನಲ್ಲಿ ಸುಮ್ನೆ ಕೂತಿದೆ ಅಂತ ಗೊತ್ತಾಗುತ್ತೆ. ಕೆಲಸ ಮುಗಿದವನ್ನೆಲ್ಲ ಅಳಿಸಿ.

ಪ್ರಶ್ನೆ: ನಮ್ಮದು ಕೊಬ್ಬರಿ ಮಂಡಿ. ಲೆಕ್ಕದ ಕಂಪ್ಯೂಟರ್‌ನಲ್ಲಿ ಸಿ ಡ್ರೈವ್ ಕೆಂಪಾಗಿದೆ. ಏನು ಅಳಿಸಬಹುದು, ಏನು ಅಳಿಸಬಾರದು ತಿಳಿಯುತ್ತಿಲ್ಲ. *– ಓದುಗರು, ತಿಪಟೂರು*

ಉತ್ತರ: ಅಳಿಸುವ ಮೊದಲು ಜಾಗ ತಿಂದಿರುವುದು ಯಾವುದು ಅಂತ ನೋಡಬೇಕು ಅಲ್ವಾ? ಅದಕ್ಕೆ ‘ವಿನ್‌ಡಿರ್‌ಸ್ಟ್ಯಾಟ್’ ಇದೆ. ಇಡೀ ಡ್ರೈವನ್ನು ಬಣ್ಣ ಬಣ್ಣದ ಚೌಕಗಳಾಗಿ ತೋರಿಸುತ್ತದೆ. ಫೈಲು ದೊಡ್ಡದಾದಷ್ಟೂ ಚೌಕ ದೊಡ್ಡದು. ಚೌಕದ ಮೇಲೆ ಕ್ಲಿಕ್ ಮಾಡಿದರೆ ಅದು ಯಾವ ಫೋಲ್ಡರಿನದು ಅಂತ ಮೇಲೆ ಕಾಣುತ್ತದೆ. ಸಾಮಾನ್ಯವಾಗಿ ಸಿಗುವುದು ಹಳೇ ಬ್ಯಾಕಪ್‌ಗಳು, ಡೌನ್‌ಲೋಡ್ಸ್ ಫೋಲ್ಡರ್, ಮತ್ತು ಯಾರೋ ಹುಡುಗರು ಇಳಿಸಿಟ್ಟ ಸಿನಿಮಾ. ಇವುಗಳಲ್ಲಿ ಬೇಡ ಅಂತ ಖಾತ್ರಿಯಾದವನ್ನು ಧೈರ್ಯವಾಗಿ ತೆಗೆಯಬಹುದು.

‘ವಿಂಡೋಸ್’ ಫೋಲ್ಡರ್ ಒಳಗೆ ಮಾತ್ರ ಕೈ ಹಾಕಬೇಡಿ, ಎಷ್ಟೇ ದೊಡ್ಡದಾಗಿ ಕಂಡರೂ. ‘ಹೈಬರ್‌ಫಿಲ್’ ಅಂತ ಹಲವು ಜಿಬಿಯ ಒಂದು ಫೈಲು ಕಾಣಬಹುದು. ಅದು ಹೈಬರ್ನೇಟ್ ಮಾಡಲು, ಅಂದರೆ ತೆರೆದಿರುವ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಕಂಪ್ಯೂಟರ್ ಆಫ್ ಮಾಡಲು ಇಟ್ಟ ಜಾಗ. ಹೈಬರ್ನೇಟ್ ಸೌಲಭ್ಯವನ್ನು ಪೂರ್ತಿ ಆಫ್ ಮಾಡಿದರೆ ತಾನೇ ಹೋಗುತ್ತದೆ, ಆದರೆ ಅದರ ಜೊತೆ ಕಂಪ್ಯೂಟರ್ ಬೇಗ ಶುರುವಾಗಲು ಇರುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ತೀರಾ ಜಾಗ ಇಲ್ಲದಿದ್ದರೆ ಮಾತ್ರ ಆ ದಾರಿ. ಇನ್ನು, ಬ್ಯಾಕಪ್‌ಗಳನ್ನು ಡಿ ಡ್ರೈವ್‌ಗೆ ಸಾಗಿಸಿ ‘ಭದ್ರ’ ಅಂದುಕೊಳ್ಳಬೇಡಿ. ಬಹಳಷ್ಟು ಕಡೆ ಸಿ, ಡಿ ಎರಡೂ ಒಂದೇ ಹಾರ್ಡ್ ಡಿಸ್ಕ್. ಅದು ಕೈ ಕೊಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಹೊರಗಿನ ಡಿಸ್ಕ್‌ನಲ್ಲಿ ಒಂದು ಪ್ರತಿ ಇರಲಿ.

ಪ್ರಶ್ನೆ: ಕಂಪ್ಯೂಟರ್ ಆಮೆಯಾಗಿದೆ. ಪಿಸಿ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್ ಹಾಕಿಸು ಅಂತ ಗೆಳೆಯ ಹೇಳುತ್ತಾನೆ. ಹಾಕಲೇ? *– ಓದುಗರು, ಶಿರಾ*

ಉತ್ತರ: ಬೇಡ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡತ. ಅದರ ಕ್ಲೀನರ್‌ಗಳನ್ನು ಮೈಕ್ರೋಸಾಫ್ಟೇ ಬೆಂಬಲಿಸುವುದಿಲ್ಲ. 2017ರಲ್ಲಿ ಇಂಥದ್ದೇ ಒಂದು ಕ್ಲೀನರ್ ಆದ ಸಿಕ್ಲೀನರ್‌ನ 5.33 ಆವೃತ್ತಿಯೊಳಗೇ ಹ್ಯಾಕರ್‌ಗಳು ಕಳ್ಳ ಕೋಡ್ ಸೇರಿಸಿದ್ದರು. ಕಂಪನಿಯ ಅಧಿಕೃತ ಡೌನ್‌ಲೋಡೇ ಹಾಗೆ ಜನರ ಕೈ ಸೇರಿತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟಪ್ ಪಟ್ಟಿಯಲ್ಲಿ ನಿಮಗೆ ಬೇಡದ್ದನ್ನು ಡಿಸೇಬಲ್ ಮಾಡಿ. ಸುಮ್ಮನೆ ಬಿಟ್ಟಿದ್ದರೂ ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿದ್ದು, ಒಳಗಿರುವುದು ಹಳೇ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಬೂಸ್ಟರ್‌ಗೆ ಕೊಡುವ ದುಡ್ಡಲ್ಲಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ. ಅದಕ್ಕೂ ಮೊದಲು ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ದಲ್ಲಿ ಡಿಸ್ಕ್‌ನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ ‘ಕಾಷನ್’ ಅಂತ ಬಂದರೆ ಬೇರೆಲ್ಲ ಕೆಲಸ ಬಿಟ್ಟು ಬ್ಯಾಕಪ್ ತೆಗೆಯಿರಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗೆ ಫೋಟೊ ಚಿಕ್ಕದು ಮಾಡಬೇಕು, ಪಿಡಿಎಫ್ ಜೋಡಿಸಬೇಕು. ಯಾವುದೋ ವೆಬ್‌ಸೈಟಿಗೆ ದಾಖಲೆ ಹಾಕಲು ಭಯ. *– ಓದುಗರು, ಮಧುಗಿರಿ*

ಉತ್ತರ: ಭಯ ಸರಿಯಾಗೇ ಇದೆ ಮೇಡಂ, ಮಕ್ಕಳ ಜಾತಿ, ಆದಾಯ ಪತ್ರ ಎಲ್ಲೆಲ್ಲೋ ಹೋಗಬಾರದು. ಮೈಕ್ರೋಸಾಫ್ಟ್‌ನದೇ ‘ಪವರ್‌ಟಾಯ್ಸ್’ ಹಾಕಿಕೊಳ್ಳಿ. ಅದರಲ್ಲಿ ಇಮೇಜ್ ರೀಸೈಜರ್ ಇದೆ. ಇಡೀ ತರಗತಿಯ ಫೋಟೊ ಒಟ್ಟಿಗೆ ಆರಿಸಿ, ರೈಟ್ ಕ್ಲಿಕ್ ಮಾಡಿ, ಅಳತೆ ಕೊಟ್ಟರೆ ಎಲ್ಲವೂ ಒಂದೇ ಸಲ ಚಿಕ್ಕದಾಗುತ್ತವೆ. ಇನ್ನೂ ಕೆಬಿ ಜಾಸ್ತಿ ಬಂದರೆ ಸೆಟ್ಟಿಂಗ್ಸ್‌ನಲ್ಲಿ ಜೆಪೆಗ್ ಕ್ವಾಲಿಟಿ ಇಳಿಸಿ. ಫೋಟೊವನ್ನು ಪಿಡಿಎಫ್ ಮಾಡಲು ಪ್ರಿಂಟ್ ಕೊಟ್ಟು ಪ್ರಿಂಟರ್ ಜಾಗದಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆರಿಸಿದರೆ ಸಾಕು. ಜೋಡಿಸಲು, ಬಿಡಿಸಲು ‘ಪಿಡಿಎಫ್‌ಸ್ಯಾಮ್ ಬೇಸಿಕ್’. ಎಲ್ಲವೂ ನಿಮ್ಮ ಕಂಪ್ಯೂಟರ್ ಒಳಗೇ ನಡೆಯುತ್ತದೆ.

ಪ್ರಶ್ನೆ: ಒಂದು ಕಾಪಿ ಮಾಡಿದರೆ ಹಿಂದಿನದು ಹೋಗುತ್ತದೆ. ನಾಲ್ಕೈದು ಒಟ್ಟಿಗೆ ಇಟ್ಟುಕೊಳ್ಳಲು ಏನಾದರೂ ಇದೆಯೇ? *– ಓದುಗರು, ಕುಣಿಗಲ್*

ಉತ್ತರ: ವಿಂಡೋಸ್‌ನಲ್ಲೇ ಇದೆ. ವಿಂಡೋಸ್ ಕೀ ಹಿಡಿದು ‘ವಿ’ ಒತ್ತಿ, ಮೊದಲ ಸಲ ‘ಟರ್ನ್ ಆನ್’ ಕೇಳುತ್ತದೆ. 25ರವರೆಗೆ ನೆನಪಿಡುತ್ತದೆ. ಪದೇ ಪದೇ ಬೇಕಾದ ವಿಳಾಸ, ಐಎಫ್‌ಎಸ್‌ಸಿ ಕೋಡ್‌ಗೆ ಪಿನ್ ಹಾಕಿದರೆ ಕಂಪ್ಯೂಟರ್ ಆಫ್ ಮಾಡಿದರೂ ಉಳಿಯುತ್ತದೆ. ಕಾಪಿ ಮಾಡಿದ ಪಾಸ್‌ವರ್ಡೂ ಅಲ್ಲೇ ಇರಬಹುದು, ನೆನಪಿರಲಿ.

ಪ್ರಶ್ನೆ: ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯಲ್ಲಿ ಟೈಪ್ ಮಾಡಿದ ಹಳೇ ಪತ್ರ ಬೇರೆ ಕಂಪ್ಯೂಟರ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ. *– ಓದುಗರು, ಪಾವಗಡ*

ಉತ್ತರ: ಫೈಲು ಕೆಟ್ಟಿಲ್ಲ. ಹಳೇ ನುಡಿ ಫಾಂಟ್‌ಗಳು ಇಂಗ್ಲಿಷ್ ಮುಂತಾದ ಲಿಪಿಯ ಕೋಡ್‌ಗಳ ಮೇಲೆ ಕನ್ನಡದ ಆಕಾರ ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಡೆ ಮುಸುಕು ಜಾರುತ್ತದೆ. ಸದ್ಯಕ್ಕೆ ಫಾಂಟ್ ಹಾಕಿ ತೆರೆಯಿರಿ, ಆಮೇಲೆ ಕನ್ವರ್ಟರ್ ಬಳಸಿ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೇ ಪ್ರತ್ಯೇಕ ಕೋಡ್ ಇರುವ ಪದ್ಧತಿಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ. ಹೊಸ ಪತ್ರಗಳನ್ನು ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿಯ ಹೊಸ ಆವೃತ್ತಿಗಳಲ್ಲೂ ಅದು ಆಗುತ್ತದೆ, 2019ರ ಮೇ ಅಪ್‌ಡೇಟ್‌ನಿಂದೀಚೆಗೆ ವಿಂಡೋಸ್‌ನಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡೂ ಇದೆ. ಫೈಲಿನ ಹೆಸರನ್ನೂ ಕನ್ನಡದಲ್ಲೇ ಕೊಡಬಹುದು, ಮೊದಲ ಉತ್ತರದ ಎವೆರಿಥಿಂಗ್ ಅದನ್ನೂ ಹುಡುಕಿಕೊಡುತ್ತದೆ.