ಫಲೋದಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ಮಾನ್ಯರೆ, ನಾವು ತುಮಕೂರಿನವರು. ಪಾವಗಡದ ಸೌರ ವಿದ್ಯುತ್ ಪಾರ್ಕಿನಲ್ಲಿ ಎಂಜಿನಿಯರ್ ಆಗಿದ್ದ ನನ್ನ ಯಜಮಾನರಿಗೆ ರಾಜಸ್ಥಾನದ ಭಡ್ಲಾ ಪಾರ್ಕಿಗೆ ವರ್ಗವಾಗಿದೆ. ಮೇ ಮೊದಲ ವಾರ ಅವರು ಅಲ್ಲಿ ಹಾಜರಾಗಬೇಕು; ಕಡಿಮೆಯೆಂದರೂ ಮೂರು ವರ್ಷ ಇರಬೇಕಾಗುತ್ತದೆ. ಪಾರ್ಕಿನ ಬಳಿ ಒಂಟಿಯಾಗಿರುವ ನೌಕರರಿಗೆ ಮಾತ್ರ ವಸತಿಯಿದ್ದು, ಸಂಸಾರಸ್ಥರು ಫಲೋದಿ ಎಂಬ ಸಣ್ಣ ಊರಿನಲ್ಲಿ ಬಾಡಿಗೆ ಮನೆ ಹಿಡಿಯುತ್ತಾರಂತೆ. ಮಗಳಿಗೆ ಆರು ವರ್ಷ, ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕು. ಮಗನಿಗೆ ಎಂಟು ತಿಂಗಳು. ಎಳೆಗೂಸನ್ನು ಆ ಬಿಸಿಲಿಗೆ ಒಯ್ಯಬೇಡಿ, ಮೂರು ವರ್ಷ ಇಲ್ಲೇ ಇರಿ ಎಂದು ಅತ್ತೆ ಮಾವ ಹೇಳುತ್ತಾರೆ. ಮಕ್ಕಳು ತಂದೆಯಿಂದ ದೂರವಾಗಿ ಬೆಳೆಯುವುದು ನನಗೆ ಇಷ್ಟವಿಲ್ಲ. ಜೋಧಪುರದಲ್ಲಿ ಮನೆ ಮಾಡಿದರೆ ಹೇಗೆ ಎಂಬ ಯೋಚನೆಯೂ ಇದೆ. ನನಗೆ ಹಿಂದಿ ಅಷ್ಟಾಗಿ ಬರುವುದಿಲ್ಲ. ದಾರಿ ತೋರಿಸಿ.
– ಒಬ್ಬ ಗೃಹಿಣಿ, ತುಮಕೂರು

ಉತ್ತರ: ನೀವು ಹೋಗಬೇಕು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ, ಆದರೆ ಮೇ ತಿಂಗಳಿನಲ್ಲಿ ಬೇಡ. ನಿಮ್ಮ ಯಜಮಾನರು ಮೊದಲು ಹೋಗಿ ಕೆಲಸಕ್ಕೆ ಹಾಜರಾಗಿ, ಬೇಸಿಗೆಯನ್ನು ಅಲ್ಲಿಯೇ ಕಳೆದು, ಮನೆಯನ್ನೂ ನೀರಿನ ವ್ಯವಸ್ಥೆಯನ್ನೂ ಕಣ್ಣಾರೆ ನೋಡಿ ಗೊತ್ತುಮಾಡಲಿ. ನೀವು ಮಕ್ಕಳೊಂದಿಗೆ ವಿಜಯದಶಮಿ ಮುಗಿಸಿಕೊಂಡು ಹೊರಡಿ. ಅತ್ತೆ ಮಾವನವರ ಆತಂಕ ನಿರಾಧಾರವಲ್ಲ: 2016ರ ಮೇ 19ರಂದು ಇದೇ ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಗಿತ್ತು. ಮೇ ಮತ್ತು ಜೂನ್‌ನಲ್ಲಿ ಅಲ್ಲಿ ‘ಲೂ’ ಎಂಬ ಬಿಸಿಗಾಳಿ ಬೀಸುತ್ತದೆ, ನಡುನಡುವೆ ‘ಆಂಧಿ’ ಎಂಬ ಧೂಳಿನ ಬಿರುಗಾಳಿ ಏಳುತ್ತದೆ. ಅಪರಿಚಿತ ಊರಿನಲ್ಲಿ, ಒಬ್ಬರ ಪರಿಚಯವೂ ಇಲ್ಲದೆ, ಎಂಟು ತಿಂಗಳ ಮಗುವಿನೊಂದಿಗೆ ಆ ಎರಡು ತಿಂಗಳನ್ನು ಮುಚ್ಚಿದ ಕೋಣೆಯಲ್ಲಿ ಕಳೆಯುವುದು ನಿಮ್ಮಿಬ್ಬರಿಗೂ ಅನ್ಯಾಯ. ಅಕ್ಟೋಬರ್‌ನಲ್ಲಿ ಹೋದರೆ, ಮುಂದಿನ ಬೇಸಿಗೆ ಬರುವುದಕ್ಕೆ ಮೊದಲು ಐದಾರು ತಿಂಗಳ ಹಿತವಾದ ಕಾಲ ಸಿಗುತ್ತದೆ. ಅಷ್ಟರಲ್ಲಿ ನೆರೆಹೊರೆ, ಹಾಲಿನವರು, ಮಕ್ಕಳ ವೈದ್ಯರು, ಟ್ಯಾಂಕರಿನವರು ಎಲ್ಲರೂ ಗುರುತಿನವರಾಗಿರುತ್ತಾರೆ. ಹೊಸ ಊರಿನ ಬೇಸಿಗೆಯನ್ನು ಎದುರಿಸಲು ಈ ಪರಿಚಯ ಬಹಳ ದೊಡ್ಡ ಆಸರೆ.

ದಸರೆಯ ನಂತರ ಎಂದು ಹೇಳಲು ಬೇರೆ ಕಾರಣಗಳೂ ಇವೆ. ಭಾದ್ರಪದದಲ್ಲಿ ಪೋಕರಣದ ಬಳಿಯ ರಾಮದೇವರಾದಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಆಗ ಜೋಧಪುರದಿಂದ ಫಲೋದಿಯ ಮೂಲಕ ಹಾದುಹೋಗುವ ರೈಲುಗಳೂ ರಸ್ತೆಗಳೂ ಯಾತ್ರಿಕರಿಂದ ತುಂಬಿರುತ್ತವೆ; ಮಕ್ಕಳು ಮತ್ತು ಸಾಮಾನಿನೊಂದಿಗೆ ಆ ದಿನಗಳಲ್ಲಿ ಪ್ರಯಾಣ ಬೇಡ. ನಿಮ್ಮ ಮಗಳಿಗೂ ತುಮಕೂರಿನ ಶಾಲೆಯಲ್ಲಿ ಮೊದಲ ಅವಧಿ ಮುಗಿದು ದಸರಾ ರಜೆ ಬಂದಿರುತ್ತದೆ, ಕನ್ನಡದ ಅಕ್ಷರಗಳು ಕೈಗೆ ಹತ್ತಿರುತ್ತವೆ. ಮಗನಿಗೆ ಒಂಬತ್ತು ತಿಂಗಳು ತುಂಬಿದಾಗ ಹಾಕಬೇಕಾದ ದಡಾರ–ರುಬೆಲ್ಲಾ ಲಸಿಕೆಯನ್ನು ಇಲ್ಲಿಯೇ ಹಾಕಿಸಿ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವಿನ ಲಸಿಕೆಗಳು ಅಲ್ಲಿ ಆಗಬೇಕಾಗಿರುವುದರಿಂದ ತಾಯಿ ಕಾರ್ಡನ್ನು ಸಾಮಾನಿನ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಜೋಧಪುರದ ಯೋಚನೆಯನ್ನು ನಾನು ಒಪ್ಪಲಾರೆ. ಫಲೋದಿಯಿಂದ ಜೋಧಪುರ ಸುಮಾರು 140 ಕಿಲೋಮೀಟರ್ ದೂರದಲ್ಲಿದೆ, ಭಡ್ಲಾ ಇರುವುದು ಫಲೋದಿಯಿಂದ ಇನ್ನೂ ಉತ್ತರಕ್ಕೆ, ಬಾಪ್ ತಾಲ್ಲೂಕಿನಲ್ಲಿ. ಜೋಧಪುರದಲ್ಲಿ ಸಂಸಾರ ಹೂಡಿದರೆ ನಿಮ್ಮ ಯಜಮಾನರು ವಾರದ ರಜೆಗೆ ಮಾತ್ರ ಬಂದುಹೋಗುವವರಾಗುತ್ತಾರೆ. ಊರೂ ಹೊಸದು, ಮನೆಯಲ್ಲಿ ಗಂಡನೂ ಇಲ್ಲ ಎಂಬ ಸ್ಥಿತಿ ನಿಮ್ಮದಾಗುತ್ತದೆ. ಆದರೆ ಜೋಧಪುರ ನಿಮಗೆ ಆಸ್ಪತ್ರೆಯ ಊರಾಗಿ ಬೇಕು. ಅಲ್ಲಿ ಏಮ್ಸ್ ಇದೆ, ಹೆಂಗಸರು ಮತ್ತು ಮಕ್ಕಳ ಚಿಕಿತ್ಸೆಗೆಂದೇ ಹೆಸರಾದ ಸರ್ಕಾರಿ ಉಮ್ಮೇದ್ ಆಸ್ಪತ್ರೆ ಇದೆ. ಅಕ್ಟೋಬರ್‌ನಲ್ಲಿ ಜೋಧಪುರದಲ್ಲಿ ರೈಲಿನಿಂದ ಇಳಿದಾಗಲೇ ಒಂದು ದಿನ ತಂಗಿ ಮಗನನ್ನು ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ ಚೀಟಿ ಮಾಡಿಸಿಟ್ಟುಕೊಂಡರೆ, ಮುಂದೆ ಗಾಬರಿಯ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕೆಂದು ಹುಡುಕುವ ಕಷ್ಟ ಇರುವುದಿಲ್ಲ.

ಈಗ ನೀರಿನ ವಿಚಾರ. ನನ್ನ ದೃಷ್ಟಿಯಲ್ಲಿ ಬಿಸಿಲಿಗಿಂತಲೂ ಹೆಚ್ಚು ಗಮನ ಬೇಡುವುದು ಇದೇ. ಪಶ್ಚಿಮ ರಾಜಸ್ಥಾನದ ಈ ಭಾಗದ ಅಂತರ್ಜಲದಲ್ಲಿ ಉಪ್ಪಿನ ಅಂಶವೂ ಫ್ಲೋರೈಡೂ ಹೆಚ್ಚು. ಪಾವಗಡದ ಕಡೆ ಇದ್ದ ನಿಮ್ಮ ಯಜಮಾನರಿಗೆ ಫ್ಲೋರೈಡ್ ಹಲ್ಲನ್ನೂ ಮೂಳೆಯನ್ನೂ ಏನು ಮಾಡುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಮಾತ್ರ ಫ್ಲೋರೈಡ್ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಶಾಶ್ವತ ಹಲ್ಲುಗಳು ಒಳಗೊಳಗೇ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಈ ಎಚ್ಚರ ಬಹಳ ಮುಖ್ಯ, ಮತ್ತು ನಿಮ್ಮ ಇಬ್ಬರು ಮಕ್ಕಳೂ ಆ ವಯಸ್ಸಿನವರು. ನೀರನ್ನು ಕುದಿಸುವುದರಿಂದ ರೋಗಾಣು ಸಾಯುತ್ತದೆಯೇ ಹೊರತು ಫ್ಲೋರೈಡಾಗಲಿ ಉಪ್ಪಾಗಲಿ ಹೋಗುವುದಿಲ್ಲ.

ಸಮಾಧಾನದ ಸಂಗತಿಯೆಂದರೆ, ಆ ಸೀಮೆಗೆ ಇಂದಿರಾ ಗಾಂಧಿ ಕಾಲುವೆಯ ನೀರು ಬರುತ್ತದೆ. ಪಂಜಾಬಿನಲ್ಲಿ ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವ ಹರಿಕೆ ಬ್ಯಾರೇಜಿನಿಂದ ಹೊರಟು ನೂರಾರು ಕಿಲೋಮೀಟರ್ ಹರಿದು ಬರುವ ಈ ನೀರು ಬೋರಿನ ನೀರಿಗಿಂತ ಎಷ್ಟೋ ಸಿಹಿ. ಆದರೆ ಪ್ರತಿವರ್ಷ ಮಾರ್ಚ್ ಕೊನೆಯಿಂದ ಮೇ ನಡುವಿನ ಅವಧಿಯಲ್ಲಿ ದುರಸ್ತಿಗಾಗಿ ಕಾಲುವೆಯನ್ನು ಕೆಲವು ವಾರ ಮುಚ್ಚುತ್ತಾರೆ. ಅದನ್ನು ಅಲ್ಲಿನವರು ‘ನಹರ್‌ಬಂದಿ’ ಎನ್ನುತ್ತಾರೆ. ಆಗ ನಲ್ಲಿಗೆ ನೀರು ಬರುವ ದಿನಗಳು ಕಡಿಮೆಯಾಗಿ ಟ್ಯಾಂಕರಿನ ಮೊರೆಹೋಗಬೇಕಾಗುತ್ತದೆ. ಆದ್ದರಿಂದ ಮನೆ ನೋಡುವಾಗ ನಿಮ್ಮ ಯಜಮಾನರು ಬಾಡಿಗೆ ಕೇಳುವುದಕ್ಕೆ ಮೊದಲು ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಅಂಗಳದಲ್ಲಿ ‘ಟಾಂಕಾ’ ಇದೆಯೆ, ಅದು ಎಷ್ಟು ದೊಡ್ಡದು, ಯಾವಾಗ ತೊಳೆದದ್ದು ಎಂದು ಕೇಳಲಿ. ಟಾಂಕಾ ಎಂದರೆ ನೆಲದಡಿಯ ನೀರಿನ ತೊಟ್ಟಿ. ಮರುಭೂಮಿಯ ಮನೆಗಳ ಜೀವಾಳವೇ ಅದು. ಅದರ ಬಾಯಿಗೆ ಭಾರವಾದ ಮುಚ್ಚಳವೂ ಬೀಗವೂ ಇರಲೇಬೇಕು. ನೀವು ಅಲ್ಲಿಗೆ ತಲುಪುವ ಹೊತ್ತಿಗೆ ನಿಮ್ಮ ಮಗ ನಡೆಯಲು ಕಲಿತಿರುತ್ತಾನೆ. ಬೀಗವಿಲ್ಲದ ಟಾಂಕಾ ಇರುವ ಮನೆಯನ್ನು, ಬೇರೆಲ್ಲ ಅನುಕೂಲವಿದ್ದರೂ, ದಯವಿಟ್ಟು ಒಪ್ಪಬೇಡಿ. ಟ್ಯಾಂಕರ್ ತರಿಸಿದಾಗ ಅದು ಕಾಲುವೆಯ ನೀರೊ ಬೋರಿನ ನೀರೊ ಎಂದು ಪ್ರತಿಸಲವೂ ಕೇಳಿ. ಕುಡಿಯಲು ಮತ್ತು ಅಡುಗೆಗೆ ಆರ್‌ಒ ಯಂತ್ರ ಇಟ್ಟುಕೊಳ್ಳಿ. ಅದರಿಂದ ಹೊರಬರುವ ನೀರನ್ನು ನೆಲ ಒರೆಸಲು ಬಳಸಿ, ಕೂಲರಿಗೆ ಮಾತ್ರ ಹಾಕಬೇಡಿ, ಉಪ್ಪು ಕಟ್ಟಿಕೊಳ್ಳುತ್ತದೆ.

ಮನೆ ನೆಲ ಅಂತಸ್ತಿನಲ್ಲಿರಲಿ, ಗೋಡೆ ದಪ್ಪ ಕಲ್ಲಿನದಾಗಿರಲಿ, ಮಲಗುವ ಕೋಣೆಗೆ ಪಶ್ಚಿಮದ ಬಿಸಿಲು ನೇರವಾಗಿ ಹೊಡೆಯದಿರಲಿ. ಕೂಲರ್ ಸಾಕೆ ಎಂಬ ಪ್ರಶ್ನೆ ನಿಮಗೆ ಬಂದೇ ಬರುತ್ತದೆ. ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಮೇ ತಿಂಗಳಿನಲ್ಲಿ ಅಲ್ಲಿ ಕೂಲರ್ ಕೊಡುವ ತಂಪು, ತುಮಕೂರಿನಲ್ಲಿ ಅದನ್ನು ಬಳಸಿದವರಿಗೆ ಆಶ್ಚರ್ಯವಾಗುವಷ್ಟು ಚೆನ್ನಾಗಿರುತ್ತದೆ. ಎದುರಿನ ಕಿಟಕಿಯನ್ನು ಸ್ವಲ್ಪ ತೆರೆದಿಟ್ಟು ಗಾಳಿ ಹೊರಹೋಗಲು ದಾರಿ ಮಾಡಬೇಕು. ಜುಲೈ–ಆಗಸ್ಟ್‌ನಲ್ಲಿ ಗಾಳಿಯ ತೇವ ಹೆಚ್ಚಿದಾಗ ಅದೇ ಕೂಲರ್ ಸೆಕೆಯನ್ನು ಹೆಚ್ಚಿಸುತ್ತದೆ. ಎಳೆಮಗು ಇರುವ ಮನೆಯಾದ್ದರಿಂದ ಒಂದು ಕೋಣೆಗಾದರೂ ಎಸಿ ಇರುವುದು ಒಳ್ಳೆಯದು, ಇದರಲ್ಲಿ ಕಂಪನಿಯ ನೆರವು ಕೇಳಲು ಸಂಕೋಚಪಡಬೇಡಿ. ಕೂಲರಿನ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿಮಾಡದಿದ್ದರೆ ಡೆಂಗಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ಮಕ್ಕಳನ್ನು ನೆಲದ ಮೇಲೆ ಮಲಗಿಸದೆ ಮಂಚದ ಮೇಲೆ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿಸಿ. ಅದು ಸೊಳ್ಳೆಯಿಂದಷ್ಟೇ ಅಲ್ಲ, ರಾತ್ರಿ ಹೊತ್ತು ಓಡಾಡುವ ಚೇಳು ಮತ್ತು ಕಟ್ಟು ಹಾವಿನ ಜಾತಿಯ ಹಾವುಗಳಿಂದಲೂ ಕಾಪಾಡುತ್ತದೆ. ಕಚ್ಚಿತೆಂಬ ಅನುಮಾನ ಬಂದರೂ ಸಾಕು, ಮಂತ್ರ ಹಾಕಿಸುವ ಮಾತಿಗೆ ಕಿವಿಗೊಡದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಚಳಿಗಾಲಕ್ಕೆ ಸ್ವೆಟರು, ಟೊಪ್ಪಿ, ದಪ್ಪ ಹೊದಿಕೆಗಳನ್ನು ಮರೆಯಬೇಡಿ. ಹಗಲು ಹಿತವಾಗಿದ್ದರೂ ಡಿಸೆಂಬರ್–ಜನವರಿಯ ರಾತ್ರಿಗಳು ನಮ್ಮ ಕಡೆ ಕಾಣದಷ್ಟು ತಣ್ಣಗಿರುತ್ತವೆ.

ಊಟದ ವಿಷಯದಲ್ಲಿ ನಿಮಗೆ ಕಷ್ಟವಾಗಲಾರದು. ಅಲ್ಲಿನ ಮುಖ್ಯ ಧಾನ್ಯ ಸಜ್ಜೆ, ಜೊತೆಗೆ ಹೆಸರು, ಮಡಿಕೆ ಕಾಳು, ಧಾರಾಳವಾಗಿ ಮಜ್ಜಿಗೆ. ಸಜ್ಜೆ ಹಿಟ್ಟು ಬೇಗ ಕಹಿಯಾಗುವುದರಿಂದ ಸ್ವಲ್ಪಸ್ವಲ್ಪವೇ ಬೀಸಿಸಿಕೊಳ್ಳಿ. ಮಗನ ರಾಗಿ ಸರಿಗೆ ಬೇಕಾದ ಮೊಳಕೆ ರಾಗಿಯನ್ನು ಮನೆಯಿಂದಲೇ ಒಯ್ಯಿರಿ. ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿ ಮರವೇ ಅಲ್ಲಿ ಖೇಜ್ಡಿ ಎಂದು ಹೊಲಹೊಲದಲ್ಲಿ ನಿಂತಿದೆ. ಅದರ ಎಳೆ ಕಾಯಿಯನ್ನು ಒಣಗಿಸಿ ವರ್ಷವಿಡೀ ಪಲ್ಯ ಮಾಡುತ್ತಾರೆ. ಜೋಧಪುರದ ಬಳಿಯ ಖೇಜಡ್ಲಿ ಗ್ರಾಮದಲ್ಲಿ 1730ರಲ್ಲಿ ಈ ಮರಗಳನ್ನು ಕಡಿಯಲು ಬಿಡದೆ ಅಮೃತಾ ದೇವಿಯೂ ಸೇರಿ ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ಕೊಟ್ಟರು. ಈ ಕಥೆಯನ್ನು ಮಗಳಿಗೆ ಹೊರಡುವ ಮುನ್ನವೇ ಹೇಳಿ. ಹೋಗುತ್ತಿರುವ ಊರಿನ ಬಗ್ಗೆ ಬಿಸಿಲಿನ ಮಾತೊಂದನ್ನೇ ಕೇಳಿಸಿಕೊಂಡ ಮಗು ಹೆದರುವುದು ಸಹಜ. ಫಲೋದಿಯ ಪಕ್ಕದ ಖೀಚನ್ ಗ್ರಾಮಕ್ಕೆ ಮಂಗೋಲಿಯದಂಥ ದೂರದ ಬಯಲುಗಳಿಂದ ಹಿಮಾಲಯ ದಾಟಿ ಸಾವಿರಾರು ಕುರ್ಜಾ ಕ್ರೌಂಚಗಳು ಬರುತ್ತವೆ, ಊರಿನವರು ಬೆಳಿಗ್ಗೆ ಅವಕ್ಕೆ ಕಾಳು ಹಾಕುತ್ತಾರೆ ಎಂದರೆ ಅವಳು ದಿನ ಎಣಿಸುತ್ತಾಳೆ. ನೀವು ಅಕ್ಟೋಬರ್‌ನಲ್ಲಿ ಹೋದಾಗ ಅವು ಬಂದಿರುತ್ತವೆ, ಮಾರ್ಚ್‌ವರೆಗೂ ಇರುತ್ತವೆ.

ಶಾಲೆಗೆ ವರ್ಷದ ನಡುವೆ ಸೇರಿಸಿಕೊಳ್ಳುವುದಿಲ್ಲವೇನೋ ಎಂದು ಚಿಂತಿಸಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಖಾಸಗಿ ಶಾಲೆಯಾದರೆ ಯಜಮಾನರು ಜುಲೈನಲ್ಲಿಯೇ ಮಾತನಾಡಿ ಜಾಗ ಗೊತ್ತುಮಾಡಿಕೊಳ್ಳಲಿ. ಪಾಠ ಹಿಂದಿಯಲ್ಲಿ, ಆಟ ಮಾರವಾಡಿಯಲ್ಲಿ ನಡೆಯುತ್ತದೆ, ಆರು ವರ್ಷದ ಮಗು ಎರಡನ್ನೂ ನಿಮಗಿಂತ ಬೇಗ ಕಲಿಯುತ್ತದೆ. ನಿಮ್ಮ ಜವಾಬ್ದಾರಿ ಕನ್ನಡದ್ದು. ದಿನಕ್ಕೆ ಅರ್ಧ ಗಂಟೆ ಕನ್ನಡ ಓದಿಸಿ ಬರೆಸಿ, ವಾರಕ್ಕೊಮ್ಮೆ ಅವಳ ಕೈಯಿಂದಲೇ ಅಜ್ಜಿ ತಾತನಿಗೆ ಒಂದು ಕಾಗದ ಬರೆಸಿ. ಮೊಮ್ಮಕ್ಕಳನ್ನು ಕಳಿಸಿಕೊಡುವ ಹಿರಿಯರ ಸಂಕಟಕ್ಕೂ ಅದರಿಂದ ಆಸರೆಯಾಗುತ್ತದೆ. ಜನವರಿಯಲ್ಲಿ ಅವರನ್ನೇ ಒಂದು ತಿಂಗಳು ಅಲ್ಲಿಗೆ ಕರೆಸಿಕೊಳ್ಳಿ. ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧಪುರಕ್ಕೆ ನೇರ ರೈಲಿದೆ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು, ಬಾಲೋತರಾ ಬಳಿಯ ಪಚ್‌ಪದ್ರಾ ತೈಲ ಸಂಸ್ಕರಣಾಗಾರದಲ್ಲಿ ಗುತ್ತಿಗೆ ಕೆಲಸದಲ್ಲಿದ್ದೇನೆ. ಹೆಂಡತಿ ಮತ್ತು ಎರಡು ವರ್ಷದ ಮಗಳನ್ನು ಇಲ್ಲಿಗೆ ಕರೆತಂದು ಅರ್ಧ ವರ್ಷವಾಯಿತು. ಮೊದಲು ಲವಲವಿಕೆಯಿಂದಿದ್ದ ಆಕೆ ಈಗ ಮನೆಯಿಂದ ಹೊರಗೆ ಬರುವುದಿಲ್ಲ, ಸರಿಯಾಗಿ ಊಟ ಮಾಡುವುದಿಲ್ಲ, ಸುಮ್ಮನೆ ಅಳುತ್ತಾಳೆ. ಎಲ್ಲ ಸೌಕರ್ಯ ಇದ್ದರೂ ಹೀಗೇಕೆ? ಊರಿಗೆ ಕಳಿಸಿಬಿಡಲೆ?

ಉತ್ತರ: ಸೌಕರ್ಯ ಇದೆ ಎಂಬ ಮಾತನ್ನು ಅವರ ಮುಂದೆ ಇನ್ನು ಆಡಬೇಡಿ. ನಿಮಗೆ ಹಗಲೆಲ್ಲ ಕೆಲಸವಿದೆ, ಜೊತೆಗಾರರಿದ್ದಾರೆ, ಕನ್ನಡ ಮಾತನಾಡುವವರೂ ಒಬ್ಬಿಬ್ಬರು ಸಿಗುತ್ತಿರಬಹುದು. ಅವರಿಗೆ ಬೆಳಗಿನಿಂದ ಸಂಜೆಯವರೆಗೆ ಎರಡು ವರ್ಷದ ಮಗುವನ್ನು ಬಿಟ್ಟರೆ ತಮ್ಮ ಭಾಷೆಯಲ್ಲಿ ಮಾತನಾಡಲು ಯಾರೂ ಇಲ್ಲ. ನೀವು ಬರೆದಿರುವ ಲಕ್ಷಣಗಳು ಕೇವಲ ತವರಿನ ನೆನಪಿನದಲ್ಲ, ಖಿನ್ನತೆಯದೂ ಆಗಿರಬಹುದು. ಮೊದಲು ವೈದ್ಯರಿಗೆ ತೋರಿಸಿ, ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಕರೆ ಹಚ್ಚಿಕೊಟ್ಟು ನೀವು ಮಗುವನ್ನು ಎತ್ತಿಕೊಂಡು ಹೊರಗೆ ಹೋಗಿ, ಅವರು ಮನಸ್ಸು ಬಿಚ್ಚಿ ಮಾತನಾಡಲಿ. ಬದುಕಿಯೇನು ಪ್ರಯೋಜನ ಎಂಬಂಥ ಮಾತೇನಾದರೂ ಅವರ ಬಾಯಿಂದ ಬಂದಿದ್ದರೆ ಒಂದು ದಿನವೂ ತಡಮಾಡದೆ ಜೋಧಪುರಕ್ಕೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ.

ಅಲ್ಲಿನ ಹೆಂಗಸರು ತಲೆತುಂಬ ಸೆರಗು ಹೊದ್ದು ಗಂಡಸರೆದುರು ಮಾತನಾಡದಿರುವುದನ್ನು ಕಂಡು ಹೊಸಬರಿಗೆ ಇವರೊಡನೆ ಬೆರೆಯಲಾಗದು ಎನಿಸುತ್ತದೆ. ಗಂಡಸರು ಹೊರಹೋದ ಮಧ್ಯಾಹ್ನದ ಹೊತ್ತಿನಲ್ಲಿ ಅದೇ ಮನೆಗಳ ಅಂಗಳದಲ್ಲಿ ಹಪ್ಪಳ ಒತ್ತುವುದು, ಸಂಡಿಗೆ ಇಡುವುದು, ಹಾಡು ಹೇಳುವುದು ನಡೆಯುತ್ತಿರುತ್ತದೆ. ಚೈತ್ರದ ಗಣಗೌರ್ ಹಬ್ಬದಲ್ಲಿ ಗೌರಿಯನ್ನು ಪೂಜಿಸುವ ಮುತ್ತೈದೆಯರ ನಡುವೆ ನಮ್ಮ ಹೆಣ್ಣುಮಗಳಿಗೆ ಪರಕೀಯತೆ ಕಾಡದು. ಆದರೆ ಬಾಗಿಲು ತೆರೆಸುವ ಕೆಲಸ ನಿಮ್ಮದು. ಮನೆಯ ಯಜಮಾನಿಯನ್ನೋ ಪಕ್ಕದ ಮನೆಯ ಅಜ್ಜಿಯನ್ನೋ ಕಂಡು, ನಮ್ಮ ಮನೆಯವರಿಗೆ ಇಲ್ಲಿ ಯಾರೂ ಇಲ್ಲ, ನಿಮ್ಮ ಜೊತೆ ಕೂರಿಸಿಕೊಳ್ಳಿ ಎಂದು ಬಾಯಿಬಿಟ್ಟು ಕೇಳಿ. ಆ ಸೀಮೆಯ ಜನ ಹಾಗೆ ಕೇಳಿದವರನ್ನು ಕೈಬಿಡುವುದಿಲ್ಲ. ಬಾಲೋತರಾ, ಜಾಲೋರ್, ಪಾಲಿ ಕಡೆಯ ಎಷ್ಟೋ ಕುಟುಂಬಗಳು ಕರ್ನಾಟಕದ ಪೇಟೆಗಳಲ್ಲಿ ಅಂಗಡಿ ಇಟ್ಟುಕೊಂಡಿವೆ. ನಿಮ್ಮ ಊರಿನ ಮಾರವಾಡಿ ಅಂಗಡಿಯವರನ್ನು ಫೋನಿನಲ್ಲಿ ವಿಚಾರಿಸಿದರೆ, ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಹುಟ್ಟಿ ಬೆಳೆದು ಮದುವೆಯಾಗಿ ಬಾಲೋತರಾಕ್ಕೆ ಬಂದಿರುವ, ನಿರರ್ಗಳವಾಗಿ ಕನ್ನಡ ಮಾತನಾಡುವ ಹೆಣ್ಣುಮಗಳೊಬ್ಬರು ಸಿಕ್ಕೇ ಸಿಗಬಹುದು.

ಊರಿಗೆ ಕಳಿಸಬೇಕೆ ಎಂಬುದನ್ನು ಅವರನ್ನೇ ಕೇಳಿ. ಹೋಗಬೇಕೆಂದರೆ ಒಂದೆರಡು ತಿಂಗಳು ತವರಿನಲ್ಲಿದ್ದು ಬರಲಿ, ಹಿಂದಿರುಗುವ ದಿನವನ್ನು ಅವರೇ ನಿರ್ಧರಿಸಲಿ, ಮತ್ತು ನೀವೇ ಜೊತೆಯಲ್ಲಿ ಹೋಗಿ ಬಿಟ್ಟುಬನ್ನಿ. ವೈದ್ಯರು ಔಷಧಿ ಕೊಟ್ಟಿದ್ದರೆ ಊರಿಗೆ ಹೋದ ಮೇಲೂ ಅದನ್ನು ನಿಲ್ಲಿಸದಂತೆ ಅತ್ತೆಯವರಿಗೆ ವಿಷಯ ಮುಚ್ಚಿಡದೆ ತಿಳಿಸಿ.