ಅಕ್ಕನಿಗೆ ಎಂಟು, ತಮ್ಮನಿಗೆ ಎಷ್ಟು?

ಮಗಳ ವಿಷಯದಲ್ಲಿ ಆಪ್ತಸಲಹೆ ಕೇಳಲು ಬಂದ ತಾಯಿಯೊಬ್ಬರು ಪ್ಲಾಸ್ಟಿಕ್ ಕವರಿನಿಂದ ಒಂದು ಬಿಳಿ ಷರ್ಟು ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಶನಿವಾರ ಹಾಕಿಕೊಂಡು ಹೋಗುವ ಸ್ಕೂಲ್ ಯೂನಿಫಾರ್ಮು. ಬೆನ್ನಿನ ನಟ್ಟನಡುವೆ ಇಸ್ತ್ರಿ ಪೆಟ್ಟಿಗೆಯ ಅಚ್ಚು ಬಿದ್ದಿತ್ತು. ಮುಂದೆ ಚೂಪು, ಹಿಂದೆ ಅಗಲ, ಅಂಚೆಲ್ಲ ಕಂದು, ನಡುವೆ ಕಪ್ಪು. ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಬಟ್ಟೆ ಕರಗಿ ಗಟ್ಟಿಯಾಗಿತ್ತು. ಉಗುರು ತಾಗಿಸಿದರೆ ಚರಚರ ಅನ್ನುತ್ತಿತ್ತು.

“ಬೇಕಂತಲೇ ಸುಟ್ಟಿದ್ದಾಳೆ ಮೇಡಂ. ತಮ್ಮನ ಬಟ್ಟೆ ಅಂತ. ಇತ್ತೀಚೆಗೆ ಎಲ್ಲದಕ್ಕೂ ಸಿಡುಕು. ಏನು ಹೇಳಿದ್ರೂ ಎದುರುತ್ತರ. ನೀವೇ ಒಂದು ಮಾತು ಬುದ್ಧಿ ಹೇಳಿ.”

ಬೆಂಗಳೂರು–ಮೈಸೂರು ಹೆದ್ದಾರಿಯ ಆಸುಪಾಸಿನ ಪಟ್ಟಣದ ಕುಟುಂಬ ಇದು. ತಾಯಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೆಳಿಗ್ಗೆ ಏಳೂವರೆಗೆ ಫ್ಯಾಕ್ಟರಿ ವ್ಯಾನ್ ಹತ್ತಿದರೆ ಮನೆ ಸೇರುವುದು ಸಂಜೆ ಆರೂವರೆಯ ಮೇಲೆ. ತಂದೆ ಆಟೋ ಓಡಿಸುತ್ತಾರೆ. ಜೊತೆಗೆ ತಂದೆಯ ತಾಯಿ, 13 ವರ್ಷದ ಮಗಳು, 10 ವರ್ಷದ ಮಗ. ಇದನ್ನು ಬರೆಯಲು ಮಕ್ಕಳೂ ಸೇರಿ ಎಲ್ಲರೂ ಒಪ್ಪಿದ್ದಾರೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಹಾಕುವುದಿಲ್ಲ, ಅಕ್ಕ, ತಮ್ಮ ಎಂದೇ ಕರೆಯುತ್ತೇನೆ.

ಅಕ್ಕನ ಜೊತೆ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ಮೊದಲ ಹತ್ತು ನಿಮಿಷ ಅವಳು ನೆಲ ನೋಡುತ್ತ ಕೂತಿದ್ದಳು. ಷರ್ಟಿನ ವಿಷಯ ಎತ್ತದೆ, “ನನಗೆ ಇಸ್ತ್ರಿ ಮಾಡೋದು ಸರಿಯಾಗಿ ಬರಲ್ಲ ಕಣಮ್ಮ, ಷರ್ಟಿಗೆ ಎಲ್ಲಿಂದ ಶುರು ಮಾಡ್ಬೇಕು?” ಎಂದು ಕೇಳಿದೆ. ನಿಜಕ್ಕೂ ನನಗೆ ಚೆನ್ನಾಗಿ ಬರುವುದಿಲ್ಲ. ಅವಳು ತಲೆ ಎತ್ತಿದಳು. ಬರಿಗೈಯನ್ನೇ ಪೆಟ್ಟಿಗೆ ಮಾಡಿಕೊಂಡು ಮೇಜಿನ ಮೇಲೆ ತೋರಿಸತೊಡಗಿದಳು. ಮೊದಲು ಕಾಲರು, ತುದಿಯಿಂದ ಒಳಕ್ಕೆ. ಹೊರಕ್ಕೆ ಎಳೆದರೆ ತುದಿಯಲ್ಲಿ ಸುಕ್ಕು ನಿಲ್ಲುತ್ತದೆ. ಆಮೇಲೆ ಭುಜ, ಕಫ್, ತೋಳು. ಮುಂಭಾಗದಲ್ಲಿ ಗುಂಡಿಗಳ ನಡುವೆ ಪೆಟ್ಟಿಗೆಯ ಮೂತಿ ಮಾತ್ರ ಆಡಿಸಬೇಕು. ಬೆನ್ನು ಕೊನೆಗೆ.

ಬೆನ್ನು ಕೊನೆಗೆ ಅಂದಾಗ ನಾನು ಆ ಷರ್ಟನ್ನು ಇನ್ನೊಮ್ಮೆ ನೋಡಿದೆ. ಕಾಲರು, ಕಫ್, ತೋಳಿನ ಗೆರೆ ಎಲ್ಲ ಅಂಗಡಿಯಲ್ಲಿ ಮಾಡಿಸಿದಷ್ಟು ಚೊಕ್ಕವಾಗಿದ್ದವು. ಸುಡಲೆಂದೇ ಹೊರಟವಳು ಕಾಲರಿನ ತುದಿಗೆ ಅಷ್ಟು ಮುತುವರ್ಜಿ ಮಾಡುತ್ತಿರಲಿಲ್ಲ.

“ಬೆನ್ನಿಗೆ ಬಂದಾಗ ಏನಾಯ್ತು?”

“ಅವನು ಮಂಚದ ಮೇಲೆ ಮೊಬೈಲ್ ನೋಡ್ತಾ ಮಲಗಿದ್ದ. ಬೇಗ ಮಾಡೇ, ಲೇಟಾಗುತ್ತೆ ಅಂದ. ನಾನು ಅವನನ್ನೇ ನೋಡ್ತಾ ನಿಂತುಬಿಟ್ಟೆ. ಹೊಗೆ ಬಂತು.” ಸ್ವಲ್ಪ ತಡೆದು ಹೇಳಿದಳು: “ಬೇಕು ಅಂತ ಇಟ್ಟಿಲ್ಲ ಮೇಡಂ. ಎತ್ತಬೇಕು ಅಂತ ಅನ್ನಿಸ್ಲಿಲ್ಲ.”

ಅವಳು ಈ ಕೆಲಸ ಶುರು ಮಾಡಿದ್ದು ಮೂರನೇ ಕ್ಲಾಸಿನಲ್ಲಿ, ಎಂಟು ವರ್ಷಕ್ಕೆ. ಅಮ್ಮನಿಗೆ ಗಾರ್ಮೆಂಟ್ಸ್ ಕೆಲಸ ಸಿಕ್ಕ ವರ್ಷ ಅದು. ಯಾರೂ ಕೂತು ಕಲಿಸಿದ್ದಲ್ಲ, ನೋಡಿ ಕಲಿತಳು. ಬಲ ಮಣಿಕಟ್ಟಿನ ಒಳಗೆ ಎರಡು ಬೆರಳಗಲ ಹಳೆಯ ಸುಟ್ಟ ಗುರುತಿದೆ. ಆವತ್ತು ಅಜ್ಜಿ ಟೂತ್‌ಪೇಸ್ಟ್ ಹಚ್ಚಿದ್ದರಂತೆ. ಈಗ ಭಾನುವಾರ ಸಂಜೆ ಅಪ್ಪನ ಖಾಕಿ, ಅಮ್ಮನ ಚೂಡಿದಾರ, ತಮ್ಮನ ಯೂನಿಫಾರ್ಮು, ತನ್ನದು, ಎಲ್ಲ ಸೇರಿ ಎರಡು ಗಂಟೆಯ ಕೆಲಸ. ಕರೆಂಟ್ ಹೋದರೆ ಸೋಮವಾರ ಬೆಳಿಗ್ಗೆ ಐದಕ್ಕೆ ಏಳಬೇಕು.

ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳಿದಳು. “ಅವನೀಗ ಐದನೇ ಕ್ಲಾಸು. ಅವನಿಗೆ ಯಾವಾಗ ವಯಸ್ಸಾಗುತ್ತೆ?”

ಮುಂದಿನ ಭೇಟಿಗೆ ಎಲ್ಲರೂ ಬರಬೇಕೆಂದು ಕೇಳಿಕೊಂಡೆ. ತಂದೆ ಆಟೋ ನಿಲ್ಲಿಸಿ ಬಂದರು, ಅಜ್ಜಿಯೂ ಬಂದರು. ತಮ್ಮ ಅಜ್ಜಿಯ ಮಗ್ಗುಲಲ್ಲಿ ಕೂತ. ಅವಳ ಪ್ರಶ್ನೆಯನ್ನೇ ಎಲ್ಲರ ಮುಂದಿಟ್ಟೆ. ತಾಯಿ, “ಅವನಿನ್ನೂ ಚಿಕ್ಕವನು ಮೇಡಂ” ಎಂದರು. ಹೇಳಿದ ಮೇಲೆ ಅವರಿಗೇ ಎಂಟು ವರ್ಷದ ಮಗಳ ನೆನಪಾಗಿರಬೇಕು, ಮುಂದಿನ ಮಾತು ಬರಲಿಲ್ಲ. ಅಜ್ಜಿ ಹಿಂದೆಮುಂದೆ ನೋಡಲಿಲ್ಲ. “ಗಂಡುಹುಡುಗ ಕಣವ್ವ. ಇಸ್ತ್ರಿ ಮಾಡ್ಕೊಂಡು ಕೂತ್ಕೊಳ್ಳೋಕಾಗ್ತದಾ? ಓದ್ಕೊಳ್ಳಲಿ ಬಿಡು.”

ನಾನು ಅಜ್ಜಿಯನ್ನೇ ಕೇಳಿದೆ. “ನಿಮ್ಮ ಬೀದಿ ತಿರುವಲ್ಲಿ ಇಸ್ತ್ರಿ ಅಂಗಡಿ ಇದೆಯಲ್ಲ ಅಜ್ಜಿ, ಅಲ್ಲಿ ಇದ್ದಿಲ ಪೆಟ್ಟಿಗೆ ಎಳೆಯೋರು ಯಾರು?” ಗಂಡಸು. ಆಗ ತಾಯಿ, ಯಾರೂ ಕೇಳದೆಯೇ ಹೇಳಿದರು: “ನಮ್ಮ ಫ್ಯಾಕ್ಟರಿಯಲ್ಲೂ ಐರನ್ ಸೆಕ್ಷನ್‌ನಲ್ಲಿ ಇರೋರೆಲ್ಲ ಗಂಡಸರೇ. ಅಲ್ಲಿ ಐರನ್ ಮಾಸ್ಟರ್ ಅಂತಾರೆ.” ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ತಂದೆ ತಮ್ಮ ಖಾಕಿ ಷರ್ಟಿನ ಜೇಬನ್ನು ಸವರಿಕೊಂಡರು. ಸಂಬಳ ಸಿಗುವ ಜಾಗದಲ್ಲಿ ಗಂಡಸಿನ ಕಸುಬಾಗಿರುವ ಅದೇ ಪೆಟ್ಟಿಗೆ, ಮನೆಯೊಳಗೆ ಬಂದ ಕೂಡಲೇ ಎಂಟು ವರ್ಷದ ಹೆಣ್ಣುಮಗುವಿನ ಕೈಗೆ ಹೋಗಿತ್ತು.

ಇದು ಒಂದೇ ಮನೆಯ ಕತೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ, ಗಂಡಸರು 88 ನಿಮಿಷ. ಆ ಸಮೀಕ್ಷೆ ಲೆಕ್ಕಕ್ಕೆ ಹಿಡಿಯುವುದೇ ಆರು ವರ್ಷ ತುಂಬಿದವರಿಂದ. ಆ ಅಂತರ ಮದುವೆಯಾದ ಮೇಲೆ ಹುಟ್ಟುವುದಲ್ಲ, ಇಂಥ ಭಾನುವಾರದ ಸಂಜೆಗಳಲ್ಲೇ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ.

ಹಾಗಾದರೆ ಯಾವ ವಯಸ್ಸಿಗೆ? ತಂದೆ-ತಾಯಂದಿರು ನನ್ನ ಬಳಿ ವಯಸ್ಸಿನ ಪಟ್ಟಿ ಕೇಳುತ್ತಾರೆ. ಪಟ್ಟಿ ಕೊಡಲು ನನಗೆ ಇಷ್ಟವಿಲ್ಲ. ಈ ಮನೆಯಲ್ಲೂ ಒಂದು ಪಟ್ಟಿ ಇತ್ತು, ಅಕ್ಕನಿಗೆ ಒಂದು, ತಮ್ಮನಿಗೆ ಇನ್ನೊಂದು. ಅವರಿಗೆ ನಾನು ಮೊದಲು ಹೇಳಿದ್ದು ಇದು. ಕೆಲಸಕ್ಕೆ ಕೈಹಾಕುವ ಆಸೆ ನಾವು ತುಂಬಬೇಕಾದ್ದಲ್ಲ, ಮಗುವಿನಲ್ಲಿ ಆಗಲೇ ಇರುತ್ತದೆ. ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬಟ್ಟೆ ಒಣಹಾಕುತ್ತಿದ್ದವರ ಕೈಯಿಂದ ಕ್ಲಿಪ್ಪು ಜಾರಿ ಬಿದ್ದು ಎಟುಕದಾದಾಗ, ಒಂದೂವರೆ ವರ್ಷದ ಮಕ್ಕಳು ಯಾರೂ ಹೇಳದೆಯೇ ಎತ್ತಿಕೊಟ್ಟವು. ನಮ್ಮ ಮನೆಗಳಲ್ಲೂ ಆ ವಯಸ್ಸಿನ ಕೂಸು ಪೊರಕೆ ಹಿಡಿದು ಬರುತ್ತದೆ. ನಾವೇ “ಹೋಗಪ್ಪ, ಆಟ ಆಡ್ಕೋ ಹೋಗು” ಎಂದು ಕಿತ್ತುಕೊಳ್ಳುತ್ತೇವೆ. ಗಂಡುಮಗುವಿನ ಕೈಯಿಂದ ಇನ್ನೂ ಬೇಗ. ಹತ್ತು ವರ್ಷ ಕಳೆದ ಮೇಲೆ ಅವನೇ ಸೋಮಾರಿ ಅನ್ನಿಸಿಕೊಳ್ಳುತ್ತಾನೆ.

ಮಾಂಟೆಸ್ಸರಿ ಶಾಲೆಗಳಲ್ಲಿ ಮೂರು ವರ್ಷದ ಮಕ್ಕಳಿಗೆ ಬಟ್ಟೆ ಮಡಿಸುವುದನ್ನು ಪಾಠದಂತೆಯೇ ಹೇಳಿಕೊಡುತ್ತಾರೆ. ಚೌಕದ ಬಟ್ಟೆಯ ಮೇಲೆ ಎಲ್ಲಿ ಮಡಿಸಬೇಕೋ ಅಲ್ಲಿ ದಾರದ ಗೆರೆ ಹೊಲಿದಿರುತ್ತದೆ. ನನ್ನ ಕಪಾಟಿನಲ್ಲೂ ಅಂಥ ಎರಡು ಬಟ್ಟೆ ಇವೆ. ಆವತ್ತು ಒಂದನ್ನು ತಮ್ಮನ ಮುಂದಿಟ್ಟೆ. ಅವನು ಅದನ್ನು ಉಂಡೆ ಮಾಡಿ ಅಕ್ಕನ ಕಡೆ ಚಾಚಿದ. ತುಂಟತನವೇನಲ್ಲ, ಬಟ್ಟೆ ಅಂದರೆ ಅಕ್ಕನ ಕೈಗೆ ಎಂದಷ್ಟೇ ಅವನ ಕೈಗೆ ಗೊತ್ತಿತ್ತು. ಇನ್ನೊಮ್ಮೆ ಅವನ ಮುಂದೆಯೇ ಇಟ್ಟು, ಗೆರೆ ತೋರಿಸಿ ಸುಮ್ಮನಿದ್ದೆ. ನಾಲ್ಕನೇ ಸಲಕ್ಕೆ ಅಂಚಿಗೆ ಅಂಚು ಕೂಡಿತು. ತಂದೆ ನೋಡುತ್ತಿದ್ದರು.

ಅಕ್ಕನಿಗೆ ಎರಡು ವಾರ ಇಸ್ತ್ರಿಯಿಂದ ಪೂರ್ತಿ ಬಿಡುವು ಕೊಡಲು ಹೇಳಿದೆ, ಶಿಕ್ಷೆ ಎಂದಲ್ಲ, ರಜೆ ಎಂದು. ಬಿಡುವಿನ ಹೊತ್ತಿನಲ್ಲಿ ಅವಳಿಗೆ ಬೇರೆ ಕೆಲಸ ಹೇಳಕೂಡದು ಎಂದೂ ಒತ್ತಿ ಹೇಳಿದೆ. ಬಿಡುವು ಅಂದರೆ ಪಾತ್ರೆ ತೊಳೆಯುವುದು ಎಂದಾಗುವ ಮನೆಗಳನ್ನು ನೋಡಿದ್ದೇನೆ. ತಂದೆಗೆ ಹೇಳಿದ್ದು ಒಂದೇ: ಖಾಕಿ ಷರ್ಟು ಇನ್ನು ಮೇಲೆ ನಿಮ್ಮದು. ಮಗ ನನ್ನ ಮಾತಿಗಿಂತ ನಿಮ್ಮ ಕೈ ನೋಡುತ್ತಾನೆ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಮೇಡಂ?” ಎಂದು ಅವರು ನಕ್ಕರು. ಬಗ್ಗಬೇಕಾದ ಮರ ತಾವೇ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು.

ತಮ್ಮನಿಗೆ ನಾಳೆಯೇ ಬಿಸಿ ಪೆಟ್ಟಿಗೆ ಕೊಡಬೇಡಿ ಎಂದೆ. ಸಮಾನತೆಯ ಹೆಸರಿನಲ್ಲಿ ಇನ್ನೊಂದು ಮಣಿಕಟ್ಟು ಸುಡುವುದು ಬೇಡ. ಅವನು ಉಂಡ ತಟ್ಟೆ, ಅವನ ಸಾಕ್ಸು ಮೊದಲ ದಿನದಿಂದಲೇ ಅವನವು. ಒಣಗಿದ ಬಟ್ಟೆ ತರುವುದು, ಯಾರದು ಯಾರದೆಂದು ವಿಂಗಡಿಸುವುದು, ಮಡಿಸುವುದು, ಇಸ್ತ್ರಿಗೆ ಮುಂಚೆ ನೀರು ಚಿಮುಕಿಸುವುದು ಆಮೇಲೆ. ಇವೆಲ್ಲ ಐದಾರು ವರ್ಷಕ್ಕೇ ಬರಬೇಕಾಗಿದ್ದವು. ಈಗ ಬೇಗ ಬರುತ್ತವೆ. ನಂತರ ಪ್ಲಗ್ಗು ಹಾಕದ ತಣ್ಣನೆಯ ಪೆಟ್ಟಿಗೆಯಲ್ಲಿ ಕರ್ಚೀಫು. ಕಿಲೋ ಹತ್ತಿರದ ತೂಕವನ್ನು ಮಣಿಕಟ್ಟು ಸಲೀಸಾಗಿ ಎತ್ತುತ್ತದೆಯೇ, ಎತ್ತಿದಾಗಲೆಲ್ಲ ಪೆಟ್ಟಿಗೆಯನ್ನು ಅದರ ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾನೆಯೇ, ಹತ್ತು ನಿಮಿಷ ಬಿಟ್ಟು ಓಡದೆ ನಿಲ್ಲುತ್ತಾನೆಯೇ ಎಂದು ನೋಡಬೇಕು. ಇಷ್ಟು ಬಂದರೆ ದೊಡ್ಡವರು ಪಕ್ಕದಲ್ಲಿ ನಿಂತು ಕಡಿಮೆ ಬಿಸಿಯಲ್ಲಿ ಬಿಡಬಹುದು. ಹತ್ತು ವರ್ಷಕ್ಕೆ ಮುಂಚೆ ಬಿಸಿ ಪೆಟ್ಟಿಗೆ ಬೇಡ ಎನ್ನುವುದು ನನ್ನ ನಿಲುವು. ಒಬ್ಬನೇ ಷರ್ಟು ಮಾಡುವುದಕ್ಕೆ ಹನ್ನೆರಡು ಆಗಲಿ. ಹೆಣ್ಣಿಗೂ ಅಷ್ಟೇ, ಗಂಡಿಗೂ ಅಷ್ಟೇ.

ಅವರ ಮನೆಯಲ್ಲಿ ಕಂಬಳಿ ಮಡಿಸಿ ನೆಲದ ಮೇಲೆ ಇಸ್ತ್ರಿ ಮಾಡುತ್ತಾರೆ. ವೈರು ಬಾಗಿಲಿಗೆ ಅಡ್ಡ ಬರದ ಹಾಗೆ ಜಾಗ ಬದಲಿಸಲು, ಮುಗಿದ ಮೇಲೆ ಪ್ಲಗ್ಗು ಕಿತ್ತು ಅರ್ಧ ಗಂಟೆ ಗೋಡೆಬದಿ ಇಡಲು ಹೇಳಿದೆ. ಐದು ವರ್ಷ ಇಸ್ತ್ರಿ ಮಾಡಿದರೂ ಡಯಲ್ ಏಕೆ ತಿರುಗಿಸುತ್ತಾರೆ ಎಂದು ಅಕ್ಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾವಾಗಲೂ ‘ಕಾಟನ್’ ಮೇಲೆಯೇ. ಬಟ್ಟೆಯ ಲೇಬಲ್ ಮೇಲೆ ಪೆಟ್ಟಿಗೆಯ ಚಿತ್ರದೊಳಗೆ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿ ಅಂದರೆ ಕಡಿಮೆ ಬಿಸಿ, ಎರಡಕ್ಕೆ ಮಧ್ಯಮ, ಮೂರಕ್ಕೆ ಹೆಚ್ಚು. ಟೆರಿಕಾಟ್‌ಗೆ ಮೂರು ಚುಕ್ಕಿಯ ಬಿಸಿ ಕೊಟ್ಟು ನಿಲ್ಲಿಸಿದರೆ ಕರಗದೆ ಇನ್ನೇನು? ಚರ್ಮ ಸುಟ್ಟರೆ ಪೇಸ್ಟು, ಇಂಕು, ಬೆಣ್ಣೆ, ಐಸು ಯಾವುದೂ ಬೇಡ, ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು ಎಂದು ಅಜ್ಜಿಗೇ ಹೇಳಿದೆ. ಹಗಲೆಲ್ಲ ಮನೆಯಲ್ಲಿರುವವರು ಅವರು. ಅಜ್ಜಿ ಮೊಮ್ಮಗಳ ಕೈ ಎಳೆದು ಆ ಗುರುತನ್ನು ನೋಡಿದರು. “ನಂಗೇನ್ ಗೊತ್ತಿತ್ತು ಮಗ” ಎಂದರು.

ಷರ್ಟಿಗೆ ಐದು ರೂಪಾಯಿ ಕೊಟ್ಟರೆ ಮಗ ಬೇಗ ದಾರಿಗೆ ಬರುತ್ತಾನಲ್ಲವೇ ಎಂದು ತಂದೆ ಕೇಳಿದರು. ಬೇಡ ಎಂದೆ. ಕ್ಲಿಪ್ಪಿನ ಪ್ರಯೋಗ ಮಾಡಿದ ಅದೇ ಇಬ್ಬರು ಸಂಶೋಧಕರು 2008ರಲ್ಲಿ ತೋರಿಸಿದ್ದೂ ಇದನ್ನೇ: ನೆರವಾದಾಗಲೆಲ್ಲ ಬಹುಮಾನ ಸಿಕ್ಕ ಪುಟ್ಟ ಮಕ್ಕಳು, ಬಹುಮಾನ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ನೆರವಾದವು. ಅಲ್ಲದೆ, ಐದು ವರ್ಷ ಅಕ್ಕನಿಗೆ ಒಂದು ರೂಪಾಯಿ ಸಿಗದ ಕೆಲಸಕ್ಕೆ ತಮ್ಮನಿಗೆ ದುಡ್ಡು ಕೊಟ್ಟರೆ ಅವಳಿಗೆ ಏನನ್ನಿಸೀತು? ತಾಯಿಗೆ ಹೇಳಿದ ಮಾತು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅವನು ಮಡಿಸಿದ್ದನ್ನು ಅವನ ಕಣ್ಣೆದುರು ಬಿಚ್ಚಿ ಮತ್ತೆ ಮಡಿಸಬೇಡಿ. ಸುಕ್ಕು ಉಳಿದ ಷರ್ಟಿನಲ್ಲೇ ಸ್ಕೂಲಿಗೆ ಹೋಗಲಿ. ದಿನವಿಡೀ ಒಂದೊಂದು ಹೊಲಿಗೆಯನ್ನೂ ಚೆಕ್ ಮಾಡಿಸಿಕೊಳ್ಳುವ ಕೆಲಸದವರಿಗೆ ಇದು ಸುಲಭದ ಮಾತಲ್ಲ.

ನಾಲ್ಕು ತಿಂಗಳ ಮೇಲೆ ಮತ್ತೆ ಬಂದರು. ತಂದೆ ವಾರಕ್ಕೆ ಎರಡು ಖಾಕಿ ಷರ್ಟು ತಾವೇ ಮಾಡಿಕೊಳ್ಳುತ್ತಾರೆ. ಆಟೋ ಬಾಡಿಗೆ ಹೆಚ್ಚಿದ್ದ ವಾರ ಬೀದಿ ತಿರುವಿನ ಅಂಗಡಿಗೆ ಹಾಕುತ್ತಾರೆ, ಮಗಳ ಮುಂದೆ ಇಡುವುದಿಲ್ಲ. ಅಜ್ಜಿ ಗುಂಡಿ ಬಿಚ್ಚಿಕೊಡುತ್ತಾರಂತೆ. ತಮ್ಮ ಜೇಬಿನಿಂದ ಕರ್ಚೀಫು ತೆಗೆದು ತೋರಿಸಿದ. ನಾಲ್ಕು ಮಡಿಕೆ, ಒಂದು ಗೆರೆ ಓರೆಯಾಗಿತ್ತು.

“ಒದ್ದೆ ಇದ್ದಾಗಲೇ ಮಡಚಿಬಿಡ್ತಾನೆ ಮೇಡಂ, ಅದಕ್ಕೇ ಗೆರೆ ಓರೆ,” ಎಂದಳು ಅಕ್ಕ. “ನಾನು ನೋಡಿ ಸುಮ್ನಿರ್ತೀನಿ. ಕೇಳಿದ್ರೆ ಹೇಳ್ತೀನಿ.” ಅವಳಿಗೆ ಈಗ ಅಮ್ಮನ ರೇಷ್ಮೆ ಸೀರೆಗೆ ಮೇಲೆ ತೆಳು ಬಟ್ಟೆ ಹಾಕಿ ಇಸ್ತ್ರಿ ಮಾಡುವುದನ್ನು ಕಲಿಯಬೇಕಂತೆ. ಅಮ್ಮ ಮುಂದಿನ ಭಾನುವಾರ ಕೂತು ಹೇಳಿಕೊಡುವುದಾಗಿ ಒಪ್ಪಿಕೊಂಡರು.

ಭಾನುವಾರದ ಪಾತ್ರೆಗಳು ಮಾತ್ರ ಇನ್ನೂ ಅವಳ ಪಾಲಿಗೇ ಇವೆ. ಅದನ್ನು ಅವಳೇ ಎತ್ತಿದಳು, ಈ ಸಲ ಎಲ್ಲರ ಮುಂದೆ. ಮುಂದಿನ ಭೇಟಿಯ ದಿನಕ್ಕೆ ಆ ವಿಷಯವನ್ನು ಡೈರಿಯಲ್ಲಿ ಬರೆದುಕೊಂಡೆ.