ದಪ್ಪಗಿರುವವರನ್ನು ಬೈಯುವುದು ಬಿಟ್ಟು ಬರೆಯಿರಿ

ನಮಸ್ಕಾರ.

ಹೃದಯದ ಬೈಪಾಸ್ ಆಪರೇಷನ್ ಆದಮೇಲಿನ ಚೇತರಿಕೆ ಮತ್ತು ತೂಕದ ಬಗ್ಗೆ ನೀವು ತೀರ್ಥಹಳ್ಳಿಯಿಂದ ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ನಮ್ಮ ಓದುಗರಿಗೆ ಬೇಕಾದ ವಿಷಯ ಇದು.

ಲೇಖನದ ಮುಕ್ಕಾಲು ಭಾಗ ದಪ್ಪಗಿರುವವರಿಗೆ ಬೈಗುಳ. ತೆಳ್ಳಗಿರುವವರು ಬೇಗ ಹುಷಾರಾಗುತ್ತಾರೆ ಎಂದು ಒಂದೇ ಮಾತಲ್ಲಿ ಮುಗಿಸಿದ್ದೀರಿ. ಅದು ತಪ್ಪು. ತೂಕ ತೀರಾ ಜಾಸ್ತಿಯಿದ್ದು ಸಕ್ಕರೆ ಕಾಯಿಲೆಯೂ ಇದ್ದರೆ ಎದೆಯ ಗಾಯಕ್ಕೆ ಸೋಂಕು ತಗಲುವ ಅಪಾಯ ಹೆಚ್ಚು, ನಿಜ. ಆದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಲೆಕ್ಕ) 18.5ಕ್ಕಿಂತ ಕಡಿಮೆ ಇರುವ, ಅಂದರೆ ತೀರಾ ತೆಳ್ಳಗಿರುವವರಿಗೆ ಆಪರೇಷನ್ ನಂತರ ಸಾವಿನ ಅಪಾಯವೇ ಜಾಸ್ತಿ. ಸ್ವಲ್ಪ ದಪ್ಪಗಿರುವವರು ಎಷ್ಟೋ ಅಧ್ಯಯನಗಳಲ್ಲಿ ಸರಿಯಾದ ತೂಕದವರಷ್ಟೇ ಚೆನ್ನಾಗಿ ಬದುಕುಳಿದಿದ್ದಾರೆ. ಯಾಕೆ ಅನ್ನುವುದು ವೈದ್ಯರಲ್ಲೇ ಇನ್ನೂ ಚರ್ಚೆಯಲ್ಲಿದೆ. ಇದನ್ನೆಲ್ಲ ಹೇಳಿದರೆ ಜನ ಸುಮ್ನೆ ತಿನ್ನುತ್ತಾರೆ ಎಂಬ ಭಯ ಬೇಡ.

ನಿಮ್ಮ ಬರಹದ ಜೀವ ಇರುವುದು ನಾಲ್ಕನೇ ಪುಟದಲ್ಲಿ. ಸಣಕಲು ಮೈಯ ನಿಮ್ಮ ಮಾವ ಮನೆಗೆ ಬಂದಮೇಲೆ ಊಟ ಸೇರದೆ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿಯಲ್ಲೇ ದಿನ ದೂಡಿದ್ದು. ಎದೆಗೆ ದಿಂಬು ಅವುಚಿಕೊಂಡು ಕೆಮ್ಮಿದ್ದು. ಅಂಗಳದಲ್ಲಿದ್ದ ಅಡಿಕೆ ಹೆಡಿಗೆ ಎತ್ತಲು ಹೋಗಿ ಅತ್ತೆಯ ಹತ್ತಿರ ಬೈಸಿಕೊಂಡದ್ದು. ಆಪರೇಷನ್‌ಗೆ ಸೀಳಿದ ಎದೆಮೂಳೆ ಗಟ್ಟಿಯಾಗಿ ಕೂಡಲು ಎರಡು ಮೂರು ತಿಂಗಳು ಬೇಕು ಎಂದು ಅಲ್ಲೇ ಬರೆಯಬಹುದಿತ್ತಲ್ವಾ?

ಆಮೇಲೆ ನಾಲ್ಕೇ ದಿನದಲ್ಲಿ ತೂಕ ಎರಡು ಕಿಲೋ ಏರಿತು, ಮೈ ಕೈ ತುಂಬಿಕೊಳ್ತಿದೆ ಎಂದು ಮನೆಯವರೆಲ್ಲ ಖುಷಿಪಟ್ಟರು, ಡಾಕ್ಟರು ನೋಡಿ ನೀರು ಇಳಿಸುವ ಮಾತ್ರೆ ಕೊಟ್ಟರು. ಇಷ್ಟು ದೊಡ್ಡ ಸಂಗತಿಯನ್ನು ಎರಡು ಸಾಲಲ್ಲಿ ದಾಟಿಬಿಟ್ಟಿದ್ದೀರಿ! ಇಲ್ಲಿ ನಿಲ್ಲಿ. ಅಷ್ಟು ಬೇಗ ಏರುವ ತೂಕ ಸಾಮಾನ್ಯವಾಗಿ ಮೈಯಲ್ಲಿ ನಿಂತ ನೀರು. ಉಪ್ಪು ಅದನ್ನು ಹಿಡಿದಿಡುತ್ತದೆ. ದಿನಾ ಬೆಳಿಗ್ಗೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಬೇಕು. ತೂಕ ಹೀಗೆ ಏರಿದರೆ, ಕಾಲು ಊದಿದರೆ ವೈದ್ಯರಿಗೆ ತಡಮಾಡದೆ ಹೇಳಬೇಕು. ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೇ ಹೋಗಬೇಕು. ನಿಮ್ಮ ಲೇಖನದಿಂದ ಒಬ್ಬರಿಗಾದರೂ ಇಷ್ಟು ತಿಳಿಯಲಿ ಎಂಬುದೇ ನನ್ನ ಆಸೆ.

ಕೊನೆಯ ಪ್ಯಾರಾ ಪೂರ್ತಿ ಹೊಡೆದುಹಾಕಿ. ಡಿಸ್ಚಾರ್ಜ್ ಆದ ದಿನದಿಂದಲೇ ರಾತ್ರಿ ಊಟ ಬಿಡಿ ಎಂದಿದ್ದೀರಿ. ಗಾಯ ಮಾಯಲು ಮೈಗೆ ಪ್ರೋಟೀನ್ ಬೇಕು. ಬೇಳೆ, ಮೊಟ್ಟೆ, ಮೊಸರು ಯಾವುದಾದರೂ ಸರಿ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಊಟ ಬಿಟ್ಟರೆ ಸಕ್ಕರೆ ತಟ್ಟನೆ ಇಳಿದು ಬೀಳಬಹುದು. ತೂಕ ಇಳಿಸುವ ಮಾತು ಗಾಯ ಮಾಯ್ದ ಮೇಲೆ, ವೈದ್ಯರು ಹೇಳಿದಂತೆ.

ತಿದ್ದಿದ್ದನ್ನು ಶಿವಮೊಗ್ಗದ ಹೃದ್ರೋಗ ತಜ್ಞರೊಬ್ಬರಿಗೆ ತೋರಿಸಿಯೇ ಅಚ್ಚಿಗೆ ಕೊಡುತ್ತೇನೆ. ಮಾವನ ಒಪ್ಪಿಗೆ ಮಾತ್ರ ನೀವೇ ಕೇಳಿ.